ಶಾಲೆಗೆ ಎರಡು ಕೋಟಿ ಹೆಜ್ಜೆ

ಸರ್ಕಾರದ ಪುಸ್ತಕದಲ್ಲಿ ಮೂರು ಪುಟ್ಟ ಅಂಕಿಗಳಿವೆ: 1, 3 ಮತ್ತು 5. ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ ಸರ್ಕಾರ 2010ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಒಂದರಿಂದ ಐದನೇ ತರಗತಿಯ ಮಗುವಿಗೆ ನಡೆದು ಹೋಗುವ 1 ಕಿಲೋಮೀಟರ್ ಒಳಗೆ ಶಾಲೆ ಸಿಗಬೇಕು. ಆರರಿಂದ ಎಂಟನೇ ತರಗತಿಗೆ 3 ಕಿಲೋಮೀಟರ್ ಒಳಗೆ. ಪ್ರೌಢಶಾಲೆಗೆ 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಹಾಕಿಕೊಂಡ ಮಿತಿ 5 ಕಿಲೋಮೀಟರ್. ಒಂದು, ಮೂರು, ಐದು. ಬಾಯಲ್ಲಿ ಹೇಳಿಕೊಂಡರೆ ಹತ್ತಿರವೇ ಅನ್ನಿಸುತ್ತದೆ. ಕಾಗದ ಪೆನ್ಸಿಲ್ ಹಿಡಿದು ಕೂತರೆ ಮಾತ್ರ ಲೆಕ್ಕ ಬೇರೆಲ್ಲಿಗೋ ಕರೆದೊಯ್ಯುತ್ತದೆ.

ಈ ಮಿತಿಗಳ ತುದಿಯಲ್ಲೇ ಮನೆಯಿರುವ ಮಗುವನ್ನು ತೆಗೆದುಕೊಳ್ಳೋಣ. ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಹೋಗುವುದು ಒಂದು, ಬರುವುದು ಒಂದು. ದಿನಕ್ಕೆ 2 ಕಿಲೋಮೀಟರಿನಂತೆ ಐದು ವರ್ಷಕ್ಕೆ 2,000 ಕಿಲೋಮೀಟರ್. ಆರರಿಂದ ಎಂಟಕ್ಕೆ 220 ದಿನ. ದಿನಕ್ಕೆ 6 ಕಿಲೋಮೀಟರಿನಂತೆ ಮೂರು ವರ್ಷಕ್ಕೆ 3,960. ಎಂಟನೇ ತರಗತಿ ಮುಗಿಯುವ ಹೊತ್ತಿಗೆ ಮಗು ನಡೆದದ್ದು 5,960 ಕಿಲೋಮೀಟರ್. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ಇರುವ ದೂರ 3,214 ಕಿಲೋಮೀಟರ್. ಅಂದರೆ ಹದಿನಾಲ್ಕು ತುಂಬುವುದರೊಳಗೆ ಆ ಮಗು ದೇಶದ ಉದ್ದವನ್ನು ಒಮ್ಮೆ ನಡೆದು, ಮರಳಿ ಹೊರಟು, ಬಹುತೇಕ ಮನೆ ಮುಟ್ಟಿರುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಒಂಬತ್ತು, ಹತ್ತನೇ ತರಗತಿಗೆ ದಿನಕ್ಕೆ 10 ಕಿಲೋಮೀಟರ್. ಅಲ್ಲೂ 220 ದಿನವೇ ಎಂದು ಹಿಡಿದರೆ ಎರಡು ವರ್ಷಕ್ಕೆ 4,400. ಒಟ್ಟು 10,360 ಕಿಲೋಮೀಟರ್. ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ ಕೈಗೆ ಬರುವ ಹೊತ್ತಿಗೆ ಬೆನ್ನಿಗೆ ಪಾಟಿಚೀಲ ಹೊತ್ತ ಆ ಮಗು ಭೂಮಿಯ ಕಾಲು ಸುತ್ತನ್ನು ಮುಗಿಸಿ ಮುಂದೆ ಹೋಗಿರುತ್ತದೆ. ಹೆಜ್ಜೆಗೆ ಅರ್ಧ ಮೀಟರ್ ಎಂದಿಟ್ಟುಕೊಂಡರೆ ಎರಡು ಕೋಟಿ ಹೆಜ್ಜೆ. ಗಂಟೆಗೆ 4 ಕಿಲೋಮೀಟರ್ ನಡೆದರೆ 2,590 ಗಂಟೆ. ಶಾಲೆಯ ದಿನಕ್ಕೆ ಆರು ಗಂಟೆ ಎಂದರೆ 431 ದಿನ, ಹೆಚ್ಚುಕಡಿಮೆ ಎರಡು ಪೂರ್ತಿ ಶೈಕ್ಷಣಿಕ ವರ್ಷ. ಹತ್ತು ವರ್ಷದ ಓದಿಗೆ ಎರಡು ವರ್ಷದ ನಡಿಗೆ. ಇದರಲ್ಲಿ ಒಂದು ಮೀಟರ್ ಕೂಡ ನಿಯಮ ಮೀರಿದ್ದಲ್ಲ; ಶಾಲೆ ಹತ್ತಿರದಲ್ಲೇ ಇದೆ ಎಂದು ಸರ್ಕಾರಿ ದಾಖಲೆ ಒಪ್ಪಿಕೊಂಡ ಮಗುವಿನ ಲೆಕ್ಕ ಇದು.

ಹದಿಮೂರು ರೂಪಾಯಿ ಚಿಲ್ಲರೆ

ಅದಕ್ಕೂ ದೂರ ಇರುವವರ ಗತಿ? ಅದೇ ನಿಯಮಗಳಲ್ಲಿ ಒಂದು ಕಲಮು ಇದೆ. ಹತ್ತಿರದಲ್ಲಿ ಶಾಲೆಯೇ ಇಲ್ಲದ ಸಣ್ಣ ಜನವಸತಿಗಳ ಮಕ್ಕಳಿಗೆ ಸರ್ಕಾರವೇ ಉಚಿತ ವಾಹನ ಸೌಲಭ್ಯ ಅಥವಾ ವಸತಿಯಂಥ ವ್ಯವಸ್ಥೆ ಮಾಡಬೇಕು. ಇದು ದಯೆ ದಾಕ್ಷಿಣ್ಯದ ಮಾತಲ್ಲ, ಕರ್ತವ್ಯ. ಈ ಕರ್ತವ್ಯಕ್ಕೆ ಸಮಗ್ರ ಶಿಕ್ಷಾ ಯೋಜನೆ ಇಟ್ಟಿರುವ ದರ ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ. ಮೊದಲು ಎಂಟನೇ ತರಗತಿವರೆಗೆ ಇದ್ದದ್ದು ಈಗ ಪ್ರೌಢಶಾಲೆಗೂ ವಿಸ್ತರಿಸಿದೆ.

6,000 ದೊಡ್ಡ ಮೊತ್ತದಂತೆ ಕೇಳಿಸುತ್ತದೆ. 220 ದಿನಕ್ಕೆ ಹಂಚಿದರೆ ದಿನಕ್ಕೆ 27 ರೂಪಾಯಿ. ಹೋಗಿ ಬರುವ ಎರಡು ಟ್ರಿಪ್ಪಿಗೆ ಒಡೆದರೆ ಒಂದಕ್ಕೆ 13 ರೂಪಾಯಿ 63 ಪೈಸೆ. 2025ರ ಜನವರಿಯಲ್ಲಿ ದರ ಏರಿದ ಮೇಲೆ ಬಿಎಂಟಿಸಿ ಬಸ್ಸಿನ ಮೊದಲ ಸ್ಟೇಜಿಗೆ 6 ರೂಪಾಯಿ, ಎರಡನೆಯದಕ್ಕೆ 12, ಆಮೇಲೆ 18. ಹಾಗಾಗಿ ದೇಶದ ದೂರದ ಮಗುವಿಗೆ ಯೋಜನೆ ಕೊಡುವ ಪ್ರಯಾಣದ ಬೆಲೆ ಬೆಂಗಳೂರಿನ ಬಸ್ಸಿನಲ್ಲಿ ಎರಡು ಸ್ಟೇಜು ಮುಟ್ಟಿ ಒಂದೂವರೆ ರೂಪಾಯಿ ಉಳಿಯುವಷ್ಟು.

ಈ ಲೆಕ್ಕವನ್ನು ಒಂದು ಊರಿನ ಮೇಲೆ ಇಟ್ಟು ನೋಡಲು ತಲಘಟ್ಟಪುರ ಒಳ್ಳೆಯ ಜಾಗ. ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದದ್ದು ಈಗ ಬೆಂಗಳೂರಿನ ದಕ್ಷಿಣದ ಬಾಗಿಲು. ಒಂದು ಕಡೆ ತುರಹಳ್ಳಿ ಕಾಡು, ಇನ್ನೊಂದು ಕಡೆ ನೈಸ್ ರಸ್ತೆ, ನಡುವೆ ಕನಕಪುರ ರಸ್ತೆ, ಅದರ ಪಕ್ಕದಲ್ಲೇ ರೇಷ್ಮೆ ಸಂಶೋಧನಾ ಸಂಸ್ಥೆ. ಬೆಳಿಗ್ಗೆ ಎಂಟರ ಸುಮಾರಿಗೆ ಈ ರಸ್ತೆಯಲ್ಲಿ ಶಾಲೆಗೆ ಹೋಗುವ ಬಗೆಗಳೆಲ್ಲ ಒಟ್ಟಿಗೇ ಕಾಣುತ್ತವೆ: ಖಾಸಗಿ ಶಾಲೆಗಳ ಹಳದಿ ಬಸ್ಸು, ಮಕ್ಕಳನ್ನು ಒತ್ತಿ ತುಂಬಿದ ಆಟೊ ಮತ್ತು ವ್ಯಾನು, ಕಗ್ಗಲೀಪುರದ ಕಡೆಯಿಂದ ಬರುವ ಸರ್ಕಾರಿ ಬಸ್ಸು, ಅಪ್ಪನ ಬೈಕು, ಬರಿಗಾಲು, ಮೇಲೆ ಮೆಟ್ರೊ. ಎಲ್ಲವೂ ಶಾಲೆಗೇ ಹೋಗುತ್ತವೆ. ಯಾವುದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂದು ಕೇಳಿದರೆ ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರ.

ನಿಮಿಷಕ್ಕೆ ಒಂದು ಲಕ್ಷ

ಕರ್ನಾಟಕದಲ್ಲಿ ಶಾಲಾ ಮಕ್ಕಳನ್ನು ಉಚಿತವಾಗಿ ಸಾಗಿಸುವ ಅತಿ ದೊಡ್ಡ ಯೋಜನೆಯ ಹೆಸರಿನಲ್ಲಿ ಶಾಲೆಯೂ ಇಲ್ಲ, ಮಗುವೂ ಇಲ್ಲ. ಅದರ ಹೆಸರು ‘ಶಕ್ತಿ’. 2023ರ ಜೂನ್ 11ರಂದು ಶುರುವಾದ ಈ ಯೋಜನೆಯಲ್ಲಿ ರಾಜ್ಯದೊಳಗೆ ಓಡುವ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ, ಬಾಲಕಿಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಟಿಕೆಟ್ ಇಲ್ಲ. ಸರಿಯಾಗಿ ಹೇಳಬೇಕೆಂದರೆ ಟಿಕೆಟ್ ಇದೆ, ಅದರ ಮೊತ್ತ ಸೊನ್ನೆ. ಆ ಸೊನ್ನೆಯ ಹಿಂದಿರುವ ನಿಜವಾದ ಬೆಲೆಯನ್ನು ಸರ್ಕಾರ ನಾಲ್ಕು ಸಾರಿಗೆ ನಿಗಮಗಳಿಗೆ ತುಂಬಿಕೊಡಬೇಕು.

2025ರ ಜುಲೈ 14ರಂದು ಈ ಸೊನ್ನೆ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. 764 ದಿನದಲ್ಲಿ 500 ಕೋಟಿ ಪ್ರಯಾಣ. ದಿನಕ್ಕೆ 65 ಲಕ್ಷ, ಗಂಟೆಗೆ 2 ಲಕ್ಷದ 72 ಸಾವಿರ. ರಾತ್ರಿ ಹಗಲು ಒಂದೇ ಸಮ ಎಂದು ಹಿಡಿದರೆ ಪ್ರತಿ ಸೆಕೆಂಡಿಗೆ 75 ಜನ. ಒಂದು ಬಸ್ಸು ಸೀಟು ತುಂಬಿ, ಮೇಲೆ ಇಪ್ಪತ್ತೈದು ಮಂದಿ ನಿಂತು, ರಾಜ್ಯದ ಎಲ್ಲೋ ಒಂದು ಕಡೆ ಪ್ರತಿ ಸೆಕೆಂಡಿಗೂ ಹೊರಟ ಹಾಗೆ, ಎರಡು ವರ್ಷ, ಒಂದು ಕ್ಷಣವೂ ಬಿಡದೆ.

ಹಣದ ಲೆಕ್ಕ ಇನ್ನೂ ವಿಚಿತ್ರ. 2025–26ರ ಬಜೆಟ್‌ನಲ್ಲಿ ಶಕ್ತಿಗೆ ಇಟ್ಟದ್ದು 5,300 ಕೋಟಿ ರೂಪಾಯಿ. ವರ್ಷದಲ್ಲಿ 5,25,600 ನಿಮಿಷಗಳಿವೆ. ಭಾಗಿಸಿದರೆ ಬರುವುದು ನಿಮಿಷಕ್ಕೆ ಒಂದು ಲಕ್ಷ ರೂಪಾಯಿ, ಮೇಲೆ ಸುಮಾರು ಎಂಟುನೂರು ಚಿಲ್ಲರೆ. ಶಾಲೆಯಲ್ಲಿ ಗಣಿತದ ಮೇಷ್ಟ್ರು 40 ನಿಮಿಷದ ಪೀರಿಯಡ್ ಮುಗಿಸಿ ಹೊರಡುವಷ್ಟರಲ್ಲಿ 40 ಲಕ್ಷ ಕರಗಿರುತ್ತದೆ.

ತಲಘಟ್ಟಪುರದವರಿಗೆ ಇದನ್ನು ಅಳೆಯಲು ಕಣ್ಣೆದುರೇ ಒಂದು ಅಳತೆಗೋಲಿದೆ. ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗಿನ ಮೆಟ್ರೊ ಮಾರ್ಗ 2021ರ ಜನವರಿಯಲ್ಲಿ ಜನರಿಗೆ ತೆರೆಯಿತು. ಸುಮಾರು 6 ಕಿಲೋಮೀಟರ್, ಐದು ನಿಲ್ದಾಣ, ಖರ್ಚು ಸುಮಾರು 1,765 ಕೋಟಿ. ಅದನ್ನು ಮೂರರಿಂದ ಗುಣಿಸಿ: 5,295 ಕೋಟಿ. ಇಡೀ ರಾಜ್ಯದ ಮಹಿಳೆಯರ ಒಂದು ವರ್ಷದ ಉಚಿತ ಪ್ರಯಾಣಕ್ಕೂ ಇಂಥ ಮೂರು ತುಂಡು ಮೆಟ್ರೊಗೂ ಬೆಲೆ ಒಂದೇ. ಇದನ್ನು ದುಂದು ಎನ್ನುವವರೂ ಉಂಟು, ಇಷ್ಟು ಅಗ್ಗವೇ ಎಂದು ಬೆರಗಾಗುವವರೂ ಉಂಟು. ಅಂಕಿ ಇಬ್ಬರಿಗೂ ಅದೇ. ಶಕ್ತಿಯ ಸೊನ್ನೆ ಟಿಕೆಟ್ ಮಾತ್ರ ಮೆಟ್ರೊ ಗೇಟಿನಲ್ಲಿ ನಡೆಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ ಕನಿಷ್ಠ 10, ಗರಿಷ್ಠ 90 ಆಯಿತು. ಕೆಳಗಿನ ರಸ್ತೆಯಲ್ಲಿ ಸೊನ್ನೆ, ಮೇಲಿನ ಹಳಿಯಲ್ಲಿ ಪೂರ್ತಿ ದರ. ಎರಡಕ್ಕೂ ನಡುವೆ ಇರುವುದು ಒಂದು ಎಸ್ಕಲೇಟರ್.

ಇಷ್ಟು ದೊಡ್ಡ ಮೊತ್ತ ರಾಜ್ಯದ ಒಟ್ಟು ಬಜೆಟ್‌ನಲ್ಲಿ ಎಷ್ಟು ಜಾಗ ಹಿಡಿಯುತ್ತದೆ? 2025–26ರ ಬಜೆಟ್ ಗಾತ್ರ 4 ಲಕ್ಷದ 9 ಸಾವಿರ ಕೋಟಿ ಚಿಲ್ಲರೆ. ನೂರು ರೂಪಾಯಿಯಲ್ಲಿ ಒಂದು ರೂಪಾಯಿ ಮೂವತ್ತು ಪೈಸೆ. ಅದೇ ವರ್ಷ ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ; ಶಕ್ತಿಯ ಹಣ ಅದರ ಎಂಟೂವರೆಯಲ್ಲಿ ಒಂದು ಭಾಗ.

ಅಕ್ಕನ ಲೆಕ್ಕ, ತಮ್ಮನ ಲೆಕ್ಕ

ದೊಡ್ಡ ಅಂಕಿಯನ್ನು ಇನ್ನು ಮನೆಯೊಳಕ್ಕೆ ತರೋಣ. ತಲಘಟ್ಟಪುರದಿಂದ ಬನಶಂಕರಿಗೆ ಏಳೆಂಟು ಕಿಲೋಮೀಟರ್. ಹಿಂದೆ 20 ರೂಪಾಯಿ ಇದ್ದ ಬಿಎಂಟಿಸಿ ಸ್ಟೇಜು ಈಗ 23. ಪಾಸಿಲ್ಲದೆ ಆ ದರ ಹಿಡಿದು ಲೆಕ್ಕ ಹಾಕಿದರೆ, ದಿನಕ್ಕೆರಡು ಸಲ, 220 ದಿನ ಓಡಾಡುವ ಪ್ರೌಢಶಾಲೆ ಹುಡುಗಿಗೆ ವರ್ಷಕ್ಕೆ 10,120 ರೂಪಾಯಿ. ಎಂಟು, ಒಂಬತ್ತು, ಹತ್ತು ಮುಗಿಸುವ ಹೊತ್ತಿಗೆ 30,360. ಮನೆಗೆಲಸಕ್ಕೆ ಹೋಗುವ ತಾಯಿ, ಗಾರೆ ಕೆಲಸದ ತಂದೆ ಇರುವ ಮನೆಯಲ್ಲಿ ಈ ಮೊತ್ತ ‘ಓದು ಸಾಕು’ ಎಂದು ಹೇಳಿಸಬಲ್ಲದು. ಆ ಮಾತಿಗೆ ಈಗ ಕಾರಣವೊಂದು ಕಡಿಮೆಯಾಗಿದೆ.

ಅವಳ ತಮ್ಮ? ಅವನಿಗೆ ಪಾಸು. ಕೆಎಸ್‌ಆರ್‌ಟಿಸಿಯಲ್ಲಿ ಪ್ರಾಥಮಿಕ ಶಾಲೆಯ ಮಗು ಹತ್ತು ತಿಂಗಳ ಪಾಸಿಗೆ ಕಟ್ಟುವುದು 150 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗೂ 150. ಉಳಿದ ಪ್ರೌಢಶಾಲೆ ಹುಡುಗರಿಗೆ 750. 750ನ್ನು 440 ಟ್ರಿಪ್ಪಿಗೆ ಹಂಚಿದರೆ ಒಂದಕ್ಕೆ 1 ರೂಪಾಯಿ 70 ಪೈಸೆ. ಪ್ರಾಥಮಿಕ ಶಾಲೆಯ ಮಗುವಿನ 150ನ್ನು 400 ಟ್ರಿಪ್ಪಿಗೆ ಹಂಚಿದರೆ ಮೂವತ್ತೇಳೂವರೆ ಪೈಸೆ. ನಾಲ್ಕಾಣೆ ನಾಣ್ಯ ಚಲಾವಣೆ ಕಳೆದುಕೊಂಡದ್ದು 2011ರಲ್ಲಿ. ಕೊಡುತ್ತೇನೆಂದರೂ ಕಂಡಕ್ಟರ ಕೈಗೆ ಕೊಡಲಾಗದಷ್ಟು ಸಣ್ಣ ಮೊತ್ತಕ್ಕೆ ಆ ಮಗು ಶಾಲೆ ಸೇರುತ್ತದೆ. ಉಳಿದ ಬೆಲೆಯನ್ನು ಸರ್ಕಾರವೂ ನಿಗಮವೂ ಹೊರುತ್ತವೆ.

ಹೀಗಾಗಿ ಹುಡುಗರಿಗೆ ಭಾರಿ ಅನ್ಯಾಯವಾಗಿದೆ ಎಂದು ಕೂಗಲು ಅಂಕಿಗಳು ಬಿಡುವುದಿಲ್ಲ. ಆದರೆ ಒಂದು ವಿಚಿತ್ರವನ್ನು ಅವು ತೋರಿಸುತ್ತವೆ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಬಸ್ಸು ಹತ್ತಿದಾಗ ಅಕ್ಕನ ಖರ್ಚು ಸಾರಿಗೆ ಇಲಾಖೆಯ ಒಂದು ಬಾಬ್ತು, ತಮ್ಮನದು ಇನ್ನೊಂದು. ಅಕ್ಕ ಹೆಣ್ಣೆಂಬ ಕಾರಣಕ್ಕೆ ಉಚಿತ, ತಮ್ಮ ವಿದ್ಯಾರ್ಥಿ ಎಂಬ ಕಾರಣಕ್ಕೆ ರಿಯಾಯಿತಿ. ‘ಈ ಮಗು ಶಾಲೆ ತಲುಪಬೇಕು’ ಎಂಬ ಒಂದೇ ಕಾರಣಕ್ಕೆ ಇಬ್ಬರನ್ನೂ ಹತ್ತಿಸಿಕೊಳ್ಳುವ ಬಾಬ್ತು ಇಲ್ಲ. ಅದನ್ನು ತರುವ ಪ್ರಯತ್ನ ನಡೆದಿತ್ತು. 2018ರ ಬಜೆಟ್‌ನಲ್ಲಿ ಸಿದ್ದರಾಮಯ್ಯನವರು ಒಂದನೇ ತರಗತಿಯಿಂದ ಕಾಲೇಜಿನವರೆಗೆ ಸುಮಾರು 20 ಲಕ್ಷ ವಿದ್ಯಾರ್ಥಿಗಳಿಗೆ ಉಚಿತ ಪಾಸು ಘೋಷಿಸಿದರು. ಆ ವರ್ಷ ಚುನಾವಣೆ ಬಂತು, ಸರ್ಕಾರ ಬದಲಾಯಿತು, ಪಾಸು ಕೈಗೆ ಬರಲಿಲ್ಲ. ಅದಕ್ಕಾಗಿ ವಿದ್ಯಾರ್ಥಿಗಳು ಬೀದಿಗಿಳಿದರು. ಐದು ವರ್ಷದ ಮೇಲೆ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಬೇರೆ ಬಾಗಿಲಿನಿಂದ ಅದೇ ವರ ಸಿಕ್ಕಿತು.

ಬಸ್ಸಿಗೆ ಮೊದಲು ಸೈಕಲ್ ಇತ್ತು. 2006–07ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ನೋಡಿಕೊಳ್ಳುತ್ತಿದ್ದಾಗ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಮುಂದೆ ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್ ಹಂಚಿಕೆಯಾಗುತ್ತಿದ್ದವು. ಸೈಕಲ್ಲಿನ ಉದ್ದ 1.8 ಮೀಟರ್ ಎಂದು ಹಿಡಿದು ಒಂದರ ಹಿಂದೊಂದು ನಿಲ್ಲಿಸಿದರೆ ಒಂದೇ ವರ್ಷದ ಸೈಕಲ್ಲುಗಳ ಸಾಲು 900 ಕಿಲೋಮೀಟರ್. ಬೆಂಗಳೂರಿನಲ್ಲಿ ಶುರುವಾಗಿ ಬೀದರ್ ದಾಟಿ ಮಹಾರಾಷ್ಟ್ರದೊಳಕ್ಕೆ ಹೋಗುತ್ತದೆ. ಕೋವಿಡ್ ಬಂದ 2020ರಲ್ಲಿ ಆ ಸಾಲು ನಿಂತಿತು.

ಅದೇ 2006ರಲ್ಲಿ ಬಿಹಾರ ಒಂಬತ್ತನೇ ತರಗತಿ ಹುಡುಗಿಯರಿಗೆ ಸೈಕಲ್ ಕೊಟ್ಟಿತ್ತು. ಅದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದರು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಹುಡುಗಿಯರ ಪ್ರೌಢಶಾಲಾ ದಾಖಲಾತಿ ಶೇ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಇನ್ನೂ ಸ್ವಾರಸ್ಯದ ಸಂಗತಿ, ಈ ಏರಿಕೆಯ ಬಹುಪಾಲು ಕಂಡದ್ದು ಪ್ರೌಢಶಾಲೆ 3 ಕಿಲೋಮೀಟರ್ ಅಥವಾ ಅದಕ್ಕಿಂತ ದೂರ ಇದ್ದ ಹಳ್ಳಿಗಳಲ್ಲಿ. ಹುಡುಗಿಯರು ಶಾಲೆ ಬಿಡುತ್ತಿದ್ದದ್ದು ಓದು ಬೇಡವಾಗಿ ಎಂದುಕೊಂಡಿದ್ದವರಿಗೆ ಎರಡು ಚಕ್ರಗಳು ಬೇರೆ ಉತ್ತರ ಕೊಟ್ಟವು. ನಡುವೆ ನಿಂತಿದ್ದದ್ದು ದಾರಿ.

ಹಳದಿ ಬಣ್ಣದ ನಾಲ್ಕು ಲಕ್ಷದ ಎಂಬತ್ತು ಸಾವಿರ

ಮಗುವನ್ನು ಶಾಲೆಗೆ ಒಯ್ಯುವುದು ಸರ್ಕಾರದ ಖರ್ಚು ಎಂಬ ವಿಚಾರ ನಮ್ಮ ಕಾಲದ ಆವಿಷ್ಕಾರವೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1869ರಲ್ಲೇ ಸಾರ್ವಜನಿಕ ಹಣದಿಂದ ಮಕ್ಕಳನ್ನು ಸಾಗಿಸಲು ಕಾನೂನು ಮಾಡಿತು. ಆಗ ಬಸ್ಸಿರಲಿಲ್ಲ, ಕುದುರೆಗಾಡಿ. 1919ರ ಹೊತ್ತಿಗೆ ಅಲ್ಲಿನ 48 ರಾಜ್ಯಗಳಲ್ಲೂ ಅಂಥ ಕಾನೂನಿತ್ತು. 1939ರಲ್ಲಿ ಫ್ರಾಂಕ್ ಸೈರ್ ಎಂಬ ಶಿಕ್ಷಣ ತಜ್ಞ ನ್ಯೂಯಾರ್ಕಿನಲ್ಲಿ ಕರೆದ ಸಭೆ ಶಾಲಾ ಬಸ್ಸಿಗೆ 44 ಮಾನದಂಡಗಳನ್ನು ಬರೆಯಿತು. ಅದರಲ್ಲೊಂದು ಆ ಹಳದಿ ಬಣ್ಣ. ಕನಕಪುರ ರಸ್ತೆಯಲ್ಲಿ ಇವತ್ತು ಓಡುವ ಶಾಲಾ ಬಸ್ಸಿನ ಹಳದಿಯ ಮೂಲ ಅಲ್ಲಿದೆ.

ಬಣ್ಣ ಬಂತು, ಬಣ್ಣದ ಹಿಂದಿನ ಹಣ ಬರಲಿಲ್ಲ. ಅಮೆರಿಕದಲ್ಲಿ ಸುಮಾರು 4 ಲಕ್ಷದ 80 ಸಾವಿರ ಹಳದಿ ಬಸ್ಸುಗಳು ದಿನಾ ಎರಡೂವರೆ ಕೋಟಿ ಮಕ್ಕಳನ್ನು ಹೊರುತ್ತವೆ. ವರ್ಷದ ಖರ್ಚು 2,500 ಕೋಟಿ ಡಾಲರಿಗೂ ಹೆಚ್ಚು. ಡಾಲರಿಗೆ 85 ರೂಪಾಯಿ ಹಿಡಿದರೆ 2 ಲಕ್ಷ ಕೋಟಿ ರೂಪಾಯಿ ದಾಟುತ್ತದೆ. ಕರ್ನಾಟಕ ಸರ್ಕಾರ ವರ್ಷವಿಡೀ ಸಂಬಳ, ಪಿಂಚಣಿ, ನೀರಾವರಿ, ಆಸ್ಪತ್ರೆ, ಸಾಲದ ಬಡ್ಡಿ ಎಲ್ಲಕ್ಕೂ ಮಾಡುವ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಹಣ ಅಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರಲು ಬೇಕು. ಒಂದು ಮಗುವಿಗೆ ವರ್ಷಕ್ಕೆ ಸುಮಾರು 85,000 ರೂಪಾಯಿ. ನಮ್ಮಲ್ಲಿ ದೂರದ ಮಗುವಿಗೆ ಇಟ್ಟಿರುವ 6,000 ಅದರ ಹದಿನಾಲ್ಕರಲ್ಲಿ ಒಂದು ಪಾಲು. ಆ ಹಳದಿ ನಮ್ಮಲ್ಲಿ ಬಹುತೇಕ ಖಾಸಗಿ ಶಾಲೆಯ ಶುಲ್ಕದ ರಸೀದಿಯ ಬಣ್ಣ.

ಇಂಗ್ಲೆಂಡಿನಲ್ಲಿ ಶಾಲೆಯ ದೂರಕ್ಕೆ ಎಳೆದ ಗೆರೆ 1870ರಷ್ಟು ಹಳೆಯದು. ಶಾಲೆ 3 ಮೈಲಿಗಿಂತ ದೂರ ಇದ್ದರೆ ಮಗುವನ್ನು ಕಳಿಸದಿರಲು ಅದು ಒಪ್ಪತಕ್ಕ ಕಾರಣ ಎಂದು ಅಂದಿನ ಶಿಕ್ಷಣ ಕಾಯ್ದೆ ಹೇಳಿತ್ತು. ಅದೇ 3 ಮೈಲಿ, ಅಂದರೆ 4.8 ಕಿಲೋಮೀಟರ್, ಇವತ್ತಿಗೂ ಅಲ್ಲಿನ ಗೆರೆ. ಎಂಟು ವರ್ಷದೊಳಗಿನ ಮಕ್ಕಳಿಗೆ 2 ಮೈಲಿ. ನಮ್ಮ 3 ಕಿಲೋಮೀಟರ್ ಅದಕ್ಕಿಂತ ಮೃದು. ಆದರೆ ಅಲ್ಲಿ ಗೆರೆ ದಾಟಿದ ಮಗುವಿಗೆ ವಾಹನ ಒದಗಿಸದೆ ಸ್ಥಳೀಯ ಆಡಳಿತಕ್ಕೆ ಬಿಡುಗಡೆಯಿಲ್ಲ. ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು ಇದಕ್ಕೆ ವರ್ಷಕ್ಕೆ 200 ಕೋಟಿ ಪೌಂಡಿಗೂ ಹೆಚ್ಚು ಖರ್ಚು ಮಾಡುತ್ತವೆ. ಲಂಡನ್ನು 2005ರಿಂದ ಹದಿನಾರರೊಳಗಿನ ಎಲ್ಲ ಮಕ್ಕಳಿಗೂ ಊರ ಬಸ್ಸನ್ನೇ ಉಚಿತ ಮಾಡಿತು. ಹುಡುಗ, ಹುಡುಗಿ, ಸರ್ಕಾರಿ ಶಾಲೆ, ಖಾಸಗಿ ಶಾಲೆ ಎಂಬ ವಿಚಾರಣೆ ಇಲ್ಲ.

ಅಮೆರಿಕದ ಕತೆಯಲ್ಲಿ ನಾವು ಈಗ ಗಮನಿಸಬೇಕಾದ ಇನ್ನೊಂದು ಅಂಕಿ ಇದೆ. ಹಳದಿ ಬಣ್ಣ ನಿಶ್ಚಯವಾದ 1939ರ ಸುಮಾರಿಗೆ ಅಲ್ಲಿ 1 ಲಕ್ಷದ 17 ಸಾವಿರ ಶಾಲಾ ಜಿಲ್ಲೆಗಳಿದ್ದವು, ಅಂದರೆ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಗಳು. ಈಗ 13 ಸಾವಿರದ ಆಸುಪಾಸು. ಸಣ್ಣ ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡವನ್ನು ಕಟ್ಟಿದರು, ಉಳಿದ ದೂರವನ್ನು ಬಸ್ಸಿನಿಂದ ತುಂಬಿದರು. ಕರ್ನಾಟಕ ಅದೇ ತಿರುವಿನಲ್ಲಿ ನಿಂತಿದೆ. 2025–26ರ ಬಜೆಟ್ ಇನ್ನೂ 500 ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ 2,500 ಕೋಟಿಯ ಯೋಜನೆ ಹಾಕಿತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಪ್ರತಿ ವಿಷಯಕ್ಕೂ ಶಿಕ್ಷಕರು, ಪ್ರಯೋಗಾಲಯ: ಬೇಡ ಎನ್ನುವವರು ಯಾರು? ಆದರೆ ಮಕ್ಕಳನ್ನು ಒಂದೆಡೆ ಸೇರಿಸಿದಷ್ಟೂ ಮನೆ ದೂರವಾಗುತ್ತದೆ. ಕಟ್ಟಡಕ್ಕೆ ಹಣ ಇಟ್ಟ ದಿನವೇ ದಾರಿಗೂ ಹಣ ಇಡದಿದ್ದರೆ ಆ ದೂರದ ಖರ್ಚು ಹೊರಬೇಕಾದವರು ಮಕ್ಕಳೇ, ಕಾಲಿನಿಂದ.

ಟಿಕೆಟ್ ಸೊನ್ನೆ, ಬಸ್ ಎಷ್ಟು?

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾದಾಗ ಅದರ ಬಳಿ ಇದ್ದದ್ದು 120 ಬಸ್ಸು. ಇವತ್ತು ನಾಲ್ಕು ನಿಗಮಗಳಲ್ಲಿ ಸುಮಾರು 24 ಸಾವಿರ, ಇನ್ನೂರು ಪಟ್ಟು. ಬೆಂಗಳೂರಿನ ಬಿಎಂಟಿಸಿಯೊಂದೇ ಏಳು ಸಾವಿರದ ಆಸುಪಾಸು ಬಸ್ಸುಗಳನ್ನು ಇಟ್ಟುಕೊಂಡು ದಿನಕ್ಕೆ 11 ಲಕ್ಷ ಕಿಲೋಮೀಟರಿಗೂ ಹೆಚ್ಚು ಓಡಿಸುತ್ತದೆ. ಚಂದ್ರ ಇರುವುದು 3 ಲಕ್ಷದ 84 ಸಾವಿರ ಕಿಲೋಮೀಟರ್ ದೂರದಲ್ಲಿ. ಬಿಎಂಟಿಸಿ ಪ್ರತಿ ದಿನ ಅಲ್ಲಿಗೆ ಹೋಗಿ, ಬಂದು, ಮತ್ತೆ ಹೊರಟು ಮುಕ್ಕಾಲು ದಾರಿಗೂ ಹೆಚ್ಚು ಮುಗಿಸುತ್ತದೆ.

ಆದರೂ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ರಾಜ್ಯದಲ್ಲಿ ಸರ್ಕಾರಿ ಶಾಲೆಗಳೇ 45 ಸಾವಿರಕ್ಕೂ ಹೆಚ್ಚು. ಎಲ್ಲ ಬಸ್ಸುಗಳನ್ನೂ, ದೂರದ ಊರಿಗೆ ಹೋಗುವವನ್ನೂ ಸೇರಿಸಿ, ಶಾಲೆಗಳಿಗೆ ಹಂಚಿದರೆ ಒಂದು ಶಾಲೆಗೆ ಅರ್ಧ ಬಸ್ಸು. ಶಾಲೆಗಳು ತೆರೆಯುವುದು ಒಂದೇ ಹೊತ್ತಿಗೆ. ಕಚೇರಿ, ಗಾರ್ಮೆಂಟ್ಸ್, ಕಾಲೇಜು, ಆಸ್ಪತ್ರೆಗೆ ಹೊರಡುವವರದೂ ಅದೇ ಹೊತ್ತು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಬ್ಯಾಗು ಹೊರಗೆ ತೂಗುಬಿಟ್ಟು ನಿಂತ ಹುಡುಗನ ಪಾಸಿಗೂ, ನಿಲ್ಲಿಸದೆ ಹೋದ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದ ಹುಡುಗಿಯ ಸೊನ್ನೆ ಟಿಕೆಟ್ಟಿಗೂ ಆ ಹೊತ್ತಿನಲ್ಲಿ ಬೆಲೆ ಒಂದೇ.

ಶಕ್ತಿಯ ಲೆಕ್ಕದೊಳಗೆ ಇರುವ ತೊಡಕು ಇದು. ಸರ್ಕಾರ ಕೊಡುವ ಹಣ ಟಿಕೆಟ್ ಹರಿದಾಗ ಹುಟ್ಟುತ್ತದೆ. ಬಸ್ಸು ಬಂದಲ್ಲಿ ಟಿಕೆಟ್, ಟಿಕೆಟ್ ಇದ್ದಲ್ಲಿ ಹಣ. ಹತ್ತು ಬಸ್ಸು ಬರುವ ಬನಶಂಕರಿಯ ಹುಡುಗಿಗೆ ಸಹಾಯಧನ ಹತ್ತು ಸಲ ಎದುರಾಗುತ್ತದೆ; ದಿನಕ್ಕೆರಡೇ ಬಸ್ಸಿನ ಗಡಿ ತಾಲ್ಲೂಕಿನ ಹುಡುಗಿಗೆ ಎರಡು ಸಲ; ಬಸ್ಸೇ ಬಾರದ ಹಾಡಿಯ ಹುಡುಗಿಗೆ ಇಲ್ಲವೇ ಇಲ್ಲ. ಯಾರಿಗೆ ದಾರಿ ಅತಿ ಉದ್ದವೋ ಅವರಿಗೆ ನಿಮಿಷಕ್ಕೆ ಒಂದು ಲಕ್ಷದಲ್ಲಿ ಒಂದು ಪೈಸೆಯೂ ತಲುಪದಿರಬಹುದು. ಇತ್ತ ನಿಗಮಗಳ ಕೈಯೂ ಬಿಗಿ. 2025ರ ಜನವರಿಯಲ್ಲಿ ನಾಲ್ಕೂ ನಿಗಮಗಳು ಬಾಕಿ ತೀರಿಸಲು 2,000 ಕೋಟಿ ಸಾಲ ಎತ್ತಲು ಸಂಪುಟ ಒಪ್ಪಿಗೆ ಕೊಡಬೇಕಾಯಿತು. ಸಾಲದಲ್ಲಿರುವ ನಿಗಮ ಹೊಸ ಹಳ್ಳಿಗೆ ಹೊಸ ಟ್ರಿಪ್ ಹಾಕುವ ಮೊದಲು ಹತ್ತು ಸಲ ಯೋಚಿಸುತ್ತದೆ.

ಮಲೆನಾಡು, ಕರಾವಳಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ತಪ್ಪಾದೀತು. ಅಲ್ಲಿ ನಡುವೆ ಹೊಳೆ ಇರುತ್ತದೆ, ಹೊಳೆಯ ಮೇಲೆ ಕಾಲುಸಂಕ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ನಕ್ಷೆಯ ಮೇಲೆ ಸ್ಕೇಲಿಟ್ಟರೆ ಇಂಥ ಮಕ್ಕಳ ಶಾಲೆ ಹತ್ತಿರದ್ದೇ.

ಅದೇ ಜಿಲ್ಲೆಯ ಬ್ರಹ್ಮಾವರದ ಬಳಿ ಇದಕ್ಕೆ ಎದುರಾದ ಒಂದು ಉದಾಹರಣೆಯೂ ಇದೆ. ಅಲ್ಲಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕುಸಿಯುತ್ತಿತ್ತು. ಹಳೆ ವಿದ್ಯಾರ್ಥಿಗಳ ನೆರವಿನಿಂದ ದೈಹಿಕ ಶಿಕ್ಷಕರೊಬ್ಬರು ಬಸ್ಸು ಕೊಂಡರು. ಚಾಲಕನಿಗೆ ಸಂಬಳ ಕೊಡಲು ಹಣವಿಲ್ಲದ್ದರಿಂದ ತಾವೇ ಸ್ಟಿಯರಿಂಗ್ ಹಿಡಿದರು. ಐವತ್ತರ ಸುಮಾರಿಗೆ ಇಳಿದಿದ್ದ ದಾಖಲಾತಿ ತೊಂಬತ್ತರ ಹತ್ತಿರಕ್ಕೆ ಏರಿತು. ಪಾಠ ಬದಲಾಗಲಿಲ್ಲ, ಪಠ್ಯಪುಸ್ತಕ ಬದಲಾಗಲಿಲ್ಲ. ಒಂದು ಬಸ್ಸು ಬಂತು, ಅಷ್ಟೇ. ಮುಚ್ಚುವ ಸಾಲಿನಲ್ಲಿದ್ದ ಶಾಲೆ ಉಳಿಯಲು ಒಂದು ಬಸ್ಸು ಸಾಕಾದರೆ, ಅದು ಒಬ್ಬ ಮೇಷ್ಟ್ರ ಪುಣ್ಯದ ಕೆಲಸವಾಗಿ ಉಳಿಯಬೇಕಾದ್ದೇಕೆ?

ನಲವತ್ತೊಂದು ದಿನ

ಕೊನೆಯದಾಗಿ ಒಂದು ಭಾಗಾಕಾರ. ವರ್ಷಕ್ಕೆ 6,000ದಂತೆ ದೂರದ ಹತ್ತು ಲಕ್ಷ ಮಕ್ಕಳಿಗೆ ಹಣ ಇಟ್ಟರೆ ಬೇಕಾಗುವುದು 600 ಕೋಟಿ. ಶಕ್ತಿಯ ಒಂದು ದಿನದ ಖರ್ಚು ಹದಿನಾಲ್ಕೂವರೆ ಕೋಟಿ. ಅಂದರೆ 41 ದಿನದ ಹಣ. ಸರ್ಕಾರಿ ಶಾಲೆಗಳಲ್ಲಿ ಓದುವ ಸುಮಾರು 40 ಲಕ್ಷ ಮಕ್ಕಳಿಗೂ, ಮನೆ ಪಕ್ಕದಲ್ಲೇ ಶಾಲೆ ಇರುವವರನ್ನೂ ಬಿಡದೆ, ಕೊಟ್ಟರೆ 2,400 ಕೋಟಿ. ಶಕ್ತಿಯ ಅರ್ಧಕ್ಕಿಂತ ಕಡಿಮೆ.

ಈ 6,000ದಲ್ಲಿ ಏನು ಬರುತ್ತದೆ? ಐವತ್ತು ಮಕ್ಕಳ ಪಾಲು ಒಟ್ಟುಗೂಡಿಸಿದರೆ ವರ್ಷಕ್ಕೆ 3 ಲಕ್ಷ, ಶಾಲೆಯ ದಿನವೊಂದಕ್ಕೆ 1,364 ರೂಪಾಯಿ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದರೆ 15 ಲೀಟರ್. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುವ ಬಸ್ಸಿಗೆ 68 ಕಿಲೋಮೀಟರಿನ ಎಣ್ಣೆ. ಇದರಲ್ಲಿ ಹೊಸ ಬಸ್ಸು ಕೊಂಡು, ಚಾಲಕನನ್ನು ನೇಮಿಸಿ, ಶಾಲೆಯ ಹೆಸರು ಬರೆಸಿ ಓಡಿಸಲಾಗದು. ಆದರೆ ಡಿಪೊದಲ್ಲಿ ಈಗಾಗಲೇ ಇರುವ ಬಸ್ಸಿಗೆ, ಈಗಾಗಲೇ ಡ್ಯೂಟಿಯಲ್ಲಿರುವ ಚಾಲಕನಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್ ಸೇರಿಸಲು ಸಾಕು. ಹತ್ತು ಕಿಲೋಮೀಟರ್ ದೂರದ ಊರಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಬಂದರೆ 40 ಕಿಲೋಮೀಟರ್. ಎಣ್ಣೆಯ ಹಣ ಕಳೆದು ದಿನಕ್ಕೆ ಐನೂರೈವತ್ತು ರೂಪಾಯಿಗೂ ಹೆಚ್ಚು ಮಿಗುತ್ತದೆ. ಟ್ರಿಪ್ಪಿಗೆ 13 ರೂಪಾಯಿ 63 ಪೈಸೆ ಎಂಬ ಆ ಬಡ ಅಂಕಿ, ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದಾಗ ಎರಡು ಸ್ಟೇಜಿಗೆ ಸುಸ್ತಾಗುತ್ತದೆ. ಐವತ್ತು ಜನರನ್ನು ಒಟ್ಟಿಗೆ ನೋಡಿದಾಗ ಬಸ್ಸನ್ನು ಊರಿಗೆ ಕರೆತರುತ್ತದೆ.

ಟಿಕೆಟ್ಟಿನ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಕರ್ನಾಟಕ 500 ಕೋಟಿ ಸಲ ಉತ್ತರ ಕೊಟ್ಟಾಗಿದೆ. ಇನ್ನು ಕೇಳಬೇಕಾದ್ದು ಟ್ರಿಪ್ಪಿನ ಬಗ್ಗೆ. ಪ್ರತಿ ವರ್ಷ ಬಜೆಟ್ ದಿನ ಶಕ್ತಿಗೆ ಎಷ್ಟು ಕೋಟಿ ಎಂದು ಮುಖಪುಟದಲ್ಲಿ ಅಚ್ಚಾಗುತ್ತದೆ. ಅದರ ಪಕ್ಕದಲ್ಲಿ ಪ್ರತಿ ತಾಲ್ಲೂಕಿಗೂ ಇನ್ನೊಂದು ಅಂಕಿ ಅಚ್ಚಾಗಲಿ: ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯೊಳಗೆ ಶಾಲೆಯ ಮುಂದೆ ನಿಲ್ಲುವ ಬಸ್ಸುಗಳೆಷ್ಟು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ. ಆ ಅಂಕಿಯಲ್ಲಿ ಸೊನ್ನೆ ಕಂಡ ತಾಲ್ಲೂಕಿನ ಶಾಸಕರನ್ನು ಊರಿನವರು ನಿಲ್ಲಿಸಿ ಕೇಳಬಹುದು. ಟಿಕೆಟ್ಟಿನ ಮೇಲೆ ಸೊನ್ನೆ ಇದ್ದರೆ ಸಂತೋಷ. ಬಸ್ಸಿನ ಲೆಕ್ಕದಲ್ಲಿ ಸೊನ್ನೆ ಇದ್ದರೆ ಆ ಟಿಕೆಟ್ಟನ್ನು ಹರಿಯುವವರೇ ಇಲ್ಲ.